ಒಂದೇ ಸಲ ಅಗೆದ ಓಣಿ

ಗೋಪನಕೊಪ್ಪದ ನಮ್ಮ ಓಣಿಗೆ ಇವತ್ತು ಡಾಂಬರು ಬಿತ್ತು, ಇನ್ನು ಅದನ್ನು ಯಾರೂ ಅಗೆಯುವುದಿಲ್ಲ. ಮಾಡಿಸಿದವಳು ಪಾಲಿಕೆಯಲ್ಲಿ ಎಂಜಿನಿಯರ್ ಆಗಿರುವ ನನ್ನ ಮೊಮ್ಮಗಳು.

ಮೊದಲೆಲ್ಲ ನೀರಿನವರು ಅಗೆದು ಮುಚ್ಚಿದ ಮೇಲೆ ಕರೆಂಟಿನವರು ಬಂದು ಮತ್ತೆ ಅಗೆಯುತ್ತಿದ್ದರು. ಈ ಸಲ ಡಾಂಬರು ಹಾಕುವ ಮೊದಲೇ ಅವಳು ಇಬ್ಬರನ್ನೂ ನಮ್ಮ ಕಟ್ಟೆಗೆ ಕರೆಸಿದಳು. ತಮ್ಮ ತಮ್ಮ ನಕಾಶೆ ಹಿಡಿದು ವಾದ ಮಾಡಿದರೇ ಹೊರತು ಕೂಡಿ ಅಗೆಯಲು ಯಾರೂ ಒಪ್ಪಲಿಲ್ಲ. ಮೊಮ್ಮಗಳ ಮುಖ ಬಾಡಿತು. ನಕಾಶೆ ನನಗೆ ತಿಳಿಯದು. ಒಳಗಿನಿಂದ ರಂಗೋಲಿ ಡಬ್ಬಿ ತಂದೆ.

“ನಿಮ್ಮ ಗೆರಿ ನೀವ ನೆಲದ ಮ್ಯಾಲೆ ಹಾಕ್ರಿ. ನೀರಿಗೆ ನೀಲಿ, ಕರೆಂಟಿಗೆ ಕೆಂಪು,” ಎಂದೆ.

“ನಮ್ಮ ಸಾಹೇಬ್ರಿಗೂ ಇದು ಹೊಳೀಲಿಲ್ರಿ ಅಮ್ಮಾ,” ಎಂದು ಕರೆಂಟಿನವನು ನಕ್ಕ.

ಅವರು ಗೆರೆ ಎಳೆದ ಮೇಲೆ ಅವು ಎಲ್ಲಿ ಅಡ್ಡ ಬರುತ್ತವೆಂಬುದು ಕಂಡಿತು. ಇಬ್ಬರೂ ಕೂಡಿ ಒಂದೇ ವಾರದಲ್ಲಿ ಅಗೆದು ಮುಚ್ಚಿದರು.

ಇವತ್ತು ಸಂಜೆ ಎಲ್ಲರೂ ರೊಟ್ಟಿ, ಎಣಗಾಯಿ ಉಣ್ಣಲು ಕುಳಿತೆವು. “ಅಜ್ಜಿ, ಮುಂದಿನ ಓಣಿಗೂ ಡಬ್ಬಿ ಬೇಕು,” ಎಂದಳು ಮೊಮ್ಮಗಳು. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.