ಹಸಿರು ಟ್ಯಾಗಿನ ಒಂಬತ್ತು ಪ್ರತಿಗಳು

2021ರ ಆರಂಭದಲ್ಲಿ ನಾನು ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ಗುಮಾಸ್ತನಾಗಿದ್ದೆ. ಓದಿದ್ದು ಬಿ.ಕಾಂ. ವಿಜ್ಞಾನಕ್ಕೂ ನನಗೂ ಇದ್ದ ನಂಟು ಫೈಲುಗಳದ್ದು ಮಾತ್ರ.

ವಸುಧಾ ಮೇಡಂ ಅಲ್ಲಿ ಫ್ಯೂಷನ್ ವಿಭಾಗದ ವಿಜ್ಞಾನಿ. ಸೂರ್ಯನಲ್ಲಿ ಆಗುವಂತೆ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯತ್ನಕ್ಕೆ ಫ್ಯೂಷನ್ ಎನ್ನುತ್ತಾರೆ. ಅದರಲ್ಲಿ ಕುದಿಯುವ ಪ್ಲಾಸ್ಮಾ ಎಂಬ ಅನಿಲ ಯಂತ್ರದ ಗೋಡೆಗೆ ಎಷ್ಟು ಬಿಸಿ ತಾಗಿಸುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಅವರು ಆರು ವರ್ಷ ಕೂತು ಬರೆದಿದ್ದರು. ಅದನ್ನು ಓಪನ್ ಸೋರ್ಸ್ ಮಾಡಬೇಕು, ಎಂದರೆ ಯಾರು ಬೇಕಾದರೂ ಓದಿ, ಬಳಸಿ, ತಿದ್ದುವಂತೆ ಬಿಟ್ಟುಕೊಡಬೇಕು ಎಂಬುದು ಅವರ ಆಸೆ.

ಅನುಮತಿಯ ಫೈಲು ನನ್ನ ಮೇಜಿಗೆ ಬಂದ ದಿನ, ಹದಿನಾಲ್ಕು ಪುಟದ ಕೈಪಿಡಿ ಹಿಡಿದು ಅವರೂ ಬಂದರು.

"ರಾಯರೇ, ಇದನ್ನ ಓದಿಕೊಂಡು ಪ್ರೋಗ್ರಾಂ ನಿಮ್ಮ ಕಂಪ್ಯೂಟರಿಗೆ ಹಾಕಿ ನೋಡಿ."

"ನನಗೆ ಎಕ್ಸೆಲ್ಲೇ ನೆಟ್ಟಗೆ ಬರಲ್ಲ ಮೇಡಂ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ನಮ್ಮ ವಿಭಾಗದವರು ನಾನು ಬರೆಯದೇ ಬಿಟ್ಟಿದ್ದನ್ನೂ ಓದಿಬಿಡ್ತಾರೆ. ಸಿಕ್ಕಿಹಾಕಿಕೊಂಡ ಕಡೆ ಗುರುತು ಹಾಕಿ. ತಪ್ಪು ನಿಮ್ಮದಲ್ಲ, ನಾನು ಬರೆದಿದ್ದರದ್ದು."

ಮೊದಲ ಸಲ ಎರಡನೇ ಪುಟದಲ್ಲೇ ನಿಂತೆ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ಅವರು ತಿದ್ದಿ, ಹೊಸದಾಗಿ ಪ್ರಿಂಟ್ ತೆಗೆದು ತಂದರು. ಊಟದ ಬಿಡುವಿನಲ್ಲಿ ಹೀಗೆ ಒಂಬತ್ತು ಸುತ್ತು ನಡೆಯಿತು. ಒಂಬತ್ತನೆಯ ಸಲ ಪರದೆಯ ಮೇಲೆ ಗ್ರಾಫ್ ಮೂಡಿತು. "ಅಚ್ಛಾ, ನಿಮಗೆ ಬಂತಲ್ಲ, ಇನ್ನು ಯಾರಿಗೆ ಬೇಕಾದ್ರೂ ಬರುತ್ತೆ," ಎಂದು ನಕ್ಕರು.

ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಅವರು ತೀರಿಕೊಂಡರು. ಕರೋಲ್ ಬಾಗ್‌ನ ನನ್ನ ಮನೆಯಲ್ಲಿ ಕೂತು ಫೋನಿನಲ್ಲಿ ಸುದ್ದಿ ಕೇಳಿದೆ. ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ.

ಜುಲೈನಲ್ಲಿ ಕಚೇರಿಗೆ ಮರಳಿದಾಗ ಪ್ರೋಗ್ರಾಂ ಸರ್ವರಿನಲ್ಲಿತ್ತು, ಆದರೆ ಹೊಸ ಕಂಪ್ಯೂಟರಿನಲ್ಲಿ ಯಾರಿಗೂ ಅದನ್ನು ಓಡಿಸಲಾಗಲಿಲ್ಲ. ಅದರ ಜೊತೆಗಿದ್ದುದು ತಿದ್ದುವ ಮೊದಲಿನ ಕೈಪಿಡಿ; ತಿದ್ದಿದ್ದು ಅವರ ಲ್ಯಾಪ್‌ಟಾಪಿನಲ್ಲಿತ್ತು, ಪಾಸ್‌ವರ್ಡ್ ಅವರ ಜೊತೆಗೇ ಹೋಗಿತ್ತು. ನನ್ನ ಹಳೆಯ ಕಂಪ್ಯೂಟರನ್ನೂ ಅಷ್ಟರಲ್ಲಿ ಬದಲಿಸಿದ್ದರು. ಮೂರು ವಾರ ಕಾದ ವಿಭಾಗದ ಮುಖ್ಯಸ್ಥರು, ನಮ್ಮಿಂದಲೇ ಓಡಿಸಲಾಗದ್ದನ್ನು ಬೇರೆಯವರಿಗೆ ಏನೆಂದು ಕೊಡುವುದು, ಫೈಲು ಮುಚ್ಚಿ ಎಂದರು.

ಮುಚ್ಚುವ ಟಿಪ್ಪಣಿ ಬರೆದೆ. ಅದನ್ನು ಫೈಲಿಗೆ ಸೇರಿಸಲು ಕಾಗದ ಪೋಣಿಸುವ ಟ್ಯಾಗ್ ದಾರ ಹುಡುಕುತ್ತ ಡ್ರಾಯರ್ ಎಳೆದರೆ, ಕೈಪಿಡಿಯ ಒಂಬತ್ತೂ ಪ್ರತಿಗಳು ನಾನು ಹಸಿರು ಟ್ಯಾಗಿನಲ್ಲಿ ಕಟ್ಟಿಟ್ಟ ಹಾಗೇ ಇದ್ದವು. ಗುಮಾಸ್ತ ಯಾವ ಕಾಗದವನ್ನೂ ಎಸೆಯುವುದಿಲ್ಲ. ಮೂರು ತಿಂಗಳ ದುಃಖದಲ್ಲಿ ಅವು ನನಗೆ ನೆನಪೇ ಆಗಿರಲಿಲ್ಲ.

ಕಟ್ಟನ್ನು ಮೇಡಂ ಅವರ ಸಹಾಯಕ ವಿಜ್ಞಾನಿ ನೇಹಾಗೆ ಕೊಟ್ಟೆ. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ. ಒಂಬತ್ತನೆಯ ಪ್ರತಿ ನೋಡಿಕೊಂಡು ಮಧ್ಯಾಹ್ನದೊಳಗೆ ಓಡಿಸಿಬಿಟ್ಟಳು. ಆಮೇಲೆ ಐದನೆಯ ಪ್ರತಿ ತೆರೆದು ತೋರಿಸಿದಳು: "ಅಂಕಲ್, ನಾವೆಲ್ಲ ಅಟಕ್ ಆಗಿ ನಿಂತಿದ್ದು ಇದೇ ಲೈನಲ್ಲಿ. ನಿಮ್ಮ ರೆಡ್ ಮಾರ್ಕ್ ಇದೆ ನೋಡಿ."

ನನ್ನ ಟಿಪ್ಪಣಿಯನ್ನು ನಾನೇ ಹರಿದು ಹಾಕಿದೆ. ಅನುಮತಿ ಸಿಕ್ಕಿ ಸೆಪ್ಟೆಂಬರ್‌ನಲ್ಲಿ ಪ್ರೋಗ್ರಾಂ ಎಲ್ಲರದಾಯಿತು. ಮೊದಲು ಬಂದ ಇಮೇಲ್ ಒಬ್ಬ ವಿದೇಶಿ ವಿದ್ಯಾರ್ಥಿಯದು. ಏಳನೇ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನನ್ನ ಅಜ್ಞಾನವೇ ಇರಬೇಕು, ಕ್ಷಮಿಸಿ ಎಂದು ಬರೆದಿದ್ದ. ಏನು ಉತ್ತರ ಬರೆಯಲಿ ಎಂದು ನೇಹಾ ಕೇಳಿದಳು.

"ತಪ್ಪು ನಿಮ್ಮದಲ್ಲ, ನಾವು ಬರೆದಿದ್ದರದ್ದು ಅಂತ ಬರಿ," ಎಂದೆ.

ಆ ಪುಟ ತಿದ್ದಿ ತೆಗೆದ ಹತ್ತನೆಯ ಪ್ರತಿಯನ್ನು ಅದೇ ಟ್ಯಾಗಿಗೆ ಪೋಣಿಸಿದೆ. ಏನೂ ಗೊತ್ತಿಲ್ಲದವನಿಂದಲೂ ಒಂದು ಕೆಲಸ ಆಗುತ್ತದೆ ಎಂದು ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ತೋರಿಸಿಕೊಟ್ಟವರು ವಸುಧಾ ಮೇಡಂ ಒಬ್ಬರೇ.