ಹತ್ತಿ ಮಿಲ್ಲಿನಲ್ಲಿ ಸಿಕ್ಕಿಬಿದ್ದ ರೈಫಲ್

ಯಾದಗಿರಿ ಸೀಮೆಯ ಪೊಲೀಸ್ ಪಡೆಯೊಂದರಲ್ಲಿ ನಾನು ಬಂದೂಕು ರಿಪೇರಿ ಮಾಡುವವಳು. ಕೆಂಭಾವಿಯ ತವರಿನಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ ಅವ್ವ, "ಮಷಿನ್ ಕೆಲಸರಿ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾಳೆ. ಮಗಳ ಕೈಯಲ್ಲಿ ರೈಫಲ್ ಇರುತ್ತದೆ ಎಂದು ಹೇಳಲು ಅವಳಿಗೆ ಇನ್ನೂ ಬಾಯಿ ಬರುವುದಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ನಮಗೆ ಪರೀಕ್ಷೆಗೆಂದು ಕೆಲವು ಹೊಸ ಬೋಲ್ಟ್ ಕ್ಯಾರಿಯರ್‌ಗಳು ಬಂದವು. ರೈಫಲ್ಲಿನ ಹೊಟ್ಟೆಯೊಳಗೆ ಹಿಂದೆ ಮುಂದೆ ಓಡಾಡುವ ಉಕ್ಕಿನ ತುಂಡು ಅದು. ಹಿಂದಕ್ಕೆ ಸರಿಯುವಾಗ ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ, ಮುಂದಕ್ಕೆ ಬರುವಾಗ ಹೊಸ ತೋಟೆಯನ್ನು ನಳಿಕೆಗೆ ಕೂಡಿಸುತ್ತದೆ. ಅದು ನಡುವೆ ನಿಂತರೆ ರೈಫಲ್ ಬರೀ ಬಡಿಗೆ. ನಮ್ಮ ಹಳೆಯವು ಮಾಸಲು ಕಪ್ಪು ಬಣ್ಣದವು, ಬೆರಳಾಡಿಸಿದರೆ ಒರಟು. ಹೊಸವಕ್ಕೆ ಗಟ್ಟಿ ಲೇಪನವಿತ್ತು. ಬೆಳ್ಳಿಯ ಲೋಟದಂತೆ ನುಣುಪು, ಬೆಲೆ ಮಾತ್ರ ಹಳೆಯದಕ್ಕಿಂತ ಬಹಳ ಹೆಚ್ಚು. ಅಷ್ಟು ಹೆಚ್ಚಿಗೆ ಕೊಡುವುದು ಸಾರ್ಥಕವೇ ಎಂದು ಬಳಸಿ ನೋಡಿ ಹೇಳುವ ಕೆಲಸವನ್ನು ನಮ್ಮ ಸಾಹೇಬರು ನನಗೆ ಒಪ್ಪಿಸಿದ್ದರು.

ಸುರಪುರದಲ್ಲಿದ್ದ ನಮ್ಮ ತುಕಡಿಯ ರೈಫಲ್‌ಗಳನ್ನು ನೋಡಿ, ಲೇಪನದ ತುಂಡು ಕೂಡಿಸಿದ್ದ ಒಂದು ರೈಫಲ್ ಜತೆಗಿಟ್ಟುಕೊಂಡು ಜೀಪಿನಲ್ಲಿ ಯಾದಗಿರಿಗೆ ವಾಪಸಾಗುತ್ತಿದ್ದೆ. ಜತೆಗೆ ರಾಮಸಮುದ್ರದ ಕಾನ್‌ಸ್ಟೇಬಲ್ ಒಬ್ಬನಿದ್ದ. ಪಡೆಯಲ್ಲೇ ಒಳ್ಳೆಯ ಗುರಿಕಾರ, ಮಾತು ಕಡಿಮೆ. ಅವನ ರೈಫಲ್ಲಿನಲ್ಲಿದ್ದದ್ದು ಹಳೆಯ ತುಂಡು. ಶಹಾಪುರ ಸಮೀಪಿಸುತ್ತಿದ್ದಂತೆ ವೈರ್‌ಲೆಸ್ಸಿನಲ್ಲಿ ಕರೆ ಬಂತು. ಊರ ಹೊರಗಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಚಿರತೆ ನುಗ್ಗಿದೆ, ಹತ್ತಿರ ಇರುವವರು ಹೋಗಿ ಜನರನ್ನು ತಡೆಯಿರಿ.

ನಾವು ಮುಟ್ಟುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂತು ಮೊಬೈಲ್ ಹಿಡಿದಿದ್ದರು. ಮಿಲ್ಲಿನ ಮೇಸ್ತ್ರಿ ಓಡಿ ಬಂದ. ಅವನ ತಲೆ, ಹುಬ್ಬು, ಮೀಸೆಗೆಲ್ಲ ಹತ್ತಿ ಮೆತ್ತಿತ್ತು.

"ಒಳಗ ಇಬ್ಬರು ಹೆಣ್ಮಕ್ಕಳು ಉಳದಾರ್ರಿ ಮೇಡಂ. ಹತ್ತಿ ಬೇಲುಗಳ ಅಟ್ಟಿ ಮ್ಯಾಲ ಏರಿ ಕುಂತಾರ. ಚಿರತಿ ಅವರ ಕೆಳಗೇ ಅದ."

"ಎಷ್ಟು ಹೊತ್ತಾತು?"

"ಊಟಕ್ಕ ಬಿಟ್ಟಾಗ ನೋಡೀವ್ರಿ. ಎಲ್ಲಾರೂ ಓಡಿ ಬಂದ್ರು, ಅವರಿಗೆ ಆಗಲಿಲ್ಲ."

ಸಾಹೇಬರಿಗೆ ಫೋನ್ ಮಾಡಿದೆ. ಅರಿವಳಿಕೆ ಹಾರಿಸುವ ಡಾಕ್ಟರು ಹೊರಟಿದ್ದಾರೆ, ಬರಲು ಹೊತ್ತಾಗುತ್ತದೆ ಎಂದರು. "ಯಾರದಾದರೂ ಜೀವಕ್ಕೆ ಅಪಾಯ ಬಂದ ಹೊರತು ಗುಂಡು ಹಾರಬಾರದು. ಅಗತ್ಯ ಬೀಳುವವರೆಗೆ ನಳಿಕೆಗೆ ತೋಟೆ ಏರಿಸಬೇಡಿ" ಎಂದು ಎರಡು ಸಲ ಹೇಳಿದರು.

ಶೆಡ್ಡಿನೊಳಗೆ ಯಂತ್ರ ನಿಂತಿದ್ದರೂ ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತಲೇ ಇತ್ತು. ತಗಡಿನ ಚಾವಣಿಯ ಕೆಳಗೆ ಉಸಿರು ಕಟ್ಟುವ ಕಾವು. ಒಂದು ಬದಿ ಬಿಡಿ ಹತ್ತಿಯ ರಾಶಿ, ಅದರಾಚೆ ಒತ್ತಿ ಕಟ್ಟಿದ ಬೇಲುಗಳ ಅಟ್ಟಿ. ಆ ಅಟ್ಟಿಯ ತುದಿಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿ ಕೂತಿದ್ದರು. ಒಬ್ಬಾಕೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಚಿರತೆ ನನಗೆ ಕಾಣಲಿಲ್ಲ. ಆ ಅಟ್ಟಿಗೂ ಗೋಡೆಗೂ ನಡುವಿನ ಸಂದಿಯಿಂದ ಅದರ ಉಸಿರು ಮಾತ್ರ ಕೇಳುತ್ತಿತ್ತು, ಗರಗಸ ಎಳೆದಂತೆ.

"ನಾ ರಾಶಿ ಮ್ಯಾಲಿಂದ ತೆವಳಿ ಹೋಗ್ತೀನ್ರಿ. ಅಲ್ಲಿಂದ ಸಂದಿ ಕಾಣ್ತದ" ಎಂದು ಕಾನ್‌ಸ್ಟೇಬಲ್ ಪಿಸುಗುಟ್ಟಿದ.

ನಾನು ಬಾಗಿಲಲ್ಲೇ ನಿಂತೆ. ಅವನು ರೈಫಲ್ ಎದೆಗೊತ್ತಿಕೊಂಡು ಆ ಬಿಡಿ ಹತ್ತಿಯಲ್ಲಿ ಮೊಣಕಾಲು ಮೊಣಕೈ ಊರಿ ಮುಂದೆ ಸರಿದ. ಒಂದೊಂದು ಸಲಕ್ಕೂ ತೋಳು ಭುಜದವರೆಗೆ ಹೂತು ಹೋಗುತ್ತಿತ್ತು. ಅವನು ಸಂದಿ ಕಾಣುವ ಜಾಗಕ್ಕೆ ಮುಟ್ಟಿ ಕೈ ಎತ್ತಿ ಸನ್ನೆ ಮಾಡಿದ. ಹಾಗೇ ಬಹಳ ಹೊತ್ತು ಕಳೆಯಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಹೊರಗೆ ಗೋಡೆಯ ಮೇಲಿದ್ದ ಯಾರೋ ಒಬ್ಬರು ಸರಿಯಾಗಿ ಕಾಣಲೆಂದು ಶೆಡ್ಡಿನ ತಗಡಿಗೆ ಕಾಲಿಟ್ಟಿರಬೇಕು. ಧಡ್ ಎಂದು ಸದ್ದಾಯಿತು. ಚಿರತೆ ಸಂದಿಯಿಂದ ಚಿಮ್ಮಿ ಅಟ್ಟಿಯ ಕೆಳಸಾಲಿನ ಬೇಲ್ ಮೇಲೆ ನಿಂತಿತು. ಮೇಲಿದ್ದ ಹೆಂಗಸರ ಕಾಲುಗಳು ಅದರ ಮೂತಿಗೆ ಹತ್ತಿರದಲ್ಲಿದ್ದವು. ಒಬ್ಬಾಕೆ ಕಿರುಚಿದಳು.

ನಳಿಕೆಗೆ ತೋಟೆ ಏರಿಸಲು ಕಾನ್‌ಸ್ಟೇಬಲ್ ರೈಫಲ್ಲಿನ ಹಿಡಿ ಜಗ್ಗಿ ಬಿಟ್ಟ. ಆ ಸದ್ದನ್ನು ದಿನಾ ಕೇಳುವವಳು ನಾನು. ಕೊನೆಯಲ್ಲಿ ಬರಬೇಕಾದ ಗಟ್ಟಿ 'ಟಕ್' ಬರಲೇ ಇಲ್ಲ. ಅವನು ಅಂಗೈಯಿಂದ ಹಿಡಿಯನ್ನು ಮುಂದಕ್ಕೆ ಗುದ್ದಿದ. ಕದಲಲಿಲ್ಲ. ಚಿರತೆ ತಲೆ ತಿರುಗಿಸಿ ಅವನ ಕಡೆ ನೋಡಿತು, ಮೈ ತಗ್ಗಿಸಿತು.

"ಅಲ್ಲಾಡಬ್ಯಾಡ!" ಎಂದು ಕೂಗಿ ನಾನು ನನ್ನ ರೈಫಲ್ಲಿನ ಹಿಡಿ ಜಗ್ಗಿದೆ. ಟಕ್ ಎಂದು ಕೂತಿತು. ಚಿರತೆಗೆ ಹೊಡೆಯಲಿಲ್ಲ. ಅದರಿಂದ ದೂರಕ್ಕೆ, ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದ ಬೇಲುಗಳ ದಪ್ಪ ಗೋಡೆಗೆ ಹಾರಿಸಿದೆ. ತಗಡಿನ ಶೆಡ್ಡಿನಲ್ಲಿ ಆ ಸದ್ದು ಸಿಡಿಲಿನಂತೆ ಹೊಡೆಯಿತು. ಚಿರತೆ ಕೆಳಗೆ ಹಾರಿತು. ನನ್ನ ಕಡೆ ಬರುತ್ತದೆ ಅಂದುಕೊಂಡು ಅದೇ ಬೇಲುಗಳಿಗೆ ಮತ್ತೊಂದು ಗುಂಡು ಹಾರಿಸಿದೆ. ಚಿರತೆ ತಿರುಗಿ ಎದುರಿಗೆ ತೆರೆದಿದ್ದ ಹತ್ತಿಬೀಜದ ಕೋಣೆಗೆ ನುಗ್ಗಿತು. ಮೇಸ್ತ್ರಿ ಯಾವ ಧೈರ್ಯದಲ್ಲಿ ಒಳಗೆ ಬಂದಿದ್ದನೋ ಗೊತ್ತಿಲ್ಲ, ಓಡಿ ಹೋಗಿ ಕಬ್ಬಿಣದ ಬಾಗಿಲು ಎಳೆದು ಅಗಳಿ ಹಾಕಿದ.

ಹೆಂಗಸರನ್ನು ಇಳಿಸಿಕೊಂಡೆವು. ಒಬ್ಬಾಕೆ ನನ್ನ ಕೈ ಬಿಡಲೊಲ್ಲಳು. "ಯಕ್ಕಾ, ಅದರ ಉಸರು ನನ್ನ ಅಂಗಾಲಿಗೆ ಹತ್ತಿತ್ತು" ಎನ್ನುತ್ತಲೇ ಇದ್ದಳು. ಆಮೇಲೆ ಬಂದ ಡಾಕ್ಟರು ಕೋಣೆಯ ಕಿಟಕಿಯಿಂದ ಅರಿವಳಿಕೆ ಹಾರಿಸಿದರು. ಚಿರತೆಯನ್ನು ಬಲೆಯಲ್ಲಿ ಹೊತ್ತೊಯ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಆದರೆ ನನ್ನ ಸಂಕಟ ಶುರುವಾದದ್ದು ಆಮೇಲೆ. ಲೇಪನದ ತುಂಡು ಜೀವ ಉಳಿಸಿತು, ಹಳೆಯದು ಕೈ ಕೊಟ್ಟಿತು ಎಂಬ ಮಾತು ಯಾದಗಿರಿ ತುಂಬ ಹಬ್ಬಿತು. ಅದರ ಜತೆಗೇ ಇನ್ನೊಂದು ಮಾತೂ ಎದ್ದಿತು: ಕಾನ್‌ಸ್ಟೇಬಲ್ ರೈಫಲ್ ಸ್ವಚ್ಛ ಇಟ್ಟಿರಲಿಲ್ಲ. ಅವನ ಮೇಲೆ ಕ್ರಮ ಆಗುತ್ತದೆ ಎಂದರು. ಲೇಪನದ ತುಂಡು ಮಾರುವ ಕಂಪನಿಯ ಏಜೆಂಟನೊಬ್ಬ ಸಿಹಿ ಡಬ್ಬಿ ಹಿಡಿದು ನಮ್ಮ ಶಸ್ತ್ರಾಗಾರದ ಬಾಗಿಲಿಗೇ ಬಂದ.

"ಮೇಡಂ, ನೀವು ಕಣ್ಣಾರೆ ನೋಡೀರಿ. ಇನ್ನೇನು ಪರೀಕ್ಷಾ ಬೇಕ್ರಿ?"

"ಡಬ್ಬಿ ವಾಪಸ್ ತಗೊಂಡು ಹೋಗ್ರಿ. ಪರೀಕ್ಷಾ ಇನ್ನೂ ಮುಗದಿಲ್ಲ" ಎಂದೆ.

ನನಗೆ ಚುಚ್ಚುತ್ತಿದ್ದದ್ದು ಇಷ್ಟೇ. ನಾನು ಬಾಗಿಲಲ್ಲಿ ನಿಂತಿದ್ದೆ, ಅವನು ಹತ್ತಿಯೊಳಗೆ ಹೂತು ತೆವಳಿದ್ದ. ಅವನ ರೈಫಲ್ ಬಿಚ್ಚಿದಾಗ ಕಂಡದ್ದು ಕೊಳೆಯಲ್ಲ. ಕ್ಯಾರಿಯರ್ ಓಡುವ ಹಳಿಗಳ ಮೇಲೆ ಹತ್ತಿ ಎಣ್ಣೆಯಲ್ಲಿ ನೆನೆದು ಬತ್ತಿಯಂತೆ ಹೊಸೆದುಕೊಂಡಿತ್ತು. ಎಣ್ಣೆ ದಪ್ಪಗಿತ್ತು. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲಿ ಎಂದು ಹಾಗೆ ಹಚ್ಚಲು ಹೇಳಿದ್ದು ನಮ್ಮ ಪಡೆಯೇ. ಮಳೆ ನಿಂತ ಮೇಲೂ ಆ ಆದೇಶವನ್ನು ಯಾರೂ ಬದಲಿಸಿರಲಿಲ್ಲ. ಹೇಳಿದ್ದನ್ನು ಅವನು ಚಾಚೂ ತಪ್ಪದೆ ಮಾಡಿದ್ದ. ಪರೀಕ್ಷೆಗೆಂದು ಇಟ್ಟುಕೊಂಡಿದ್ದ ನನ್ನ ರೈಫಲ್ಲಿಗೆ ಆದೇಶ ತಾಗಿರಲಿಲ್ಲ, ಅದರಲ್ಲಿದ್ದದ್ದು ತೆಳು ಎಣ್ಣೆ.

ಮೇಸ್ತ್ರಿಯಿಂದ ಒಂದು ಚೀಲ ಹತ್ತಿ ತರಿಸಿದೆ. ಸಾಹೇಬರನ್ನು ಗುರಿ ಅಭ್ಯಾಸದ ಬಯಲಿಗೆ ಕರೆದೆ. ಕಾನ್‌ಸ್ಟೇಬಲ್ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಲೇಪನದ ತುಂಡಿಗೆ ದಪ್ಪ ಎಣ್ಣೆ ಬಳಿದು ರೈಫಲ್ ಅನ್ನು ಹತ್ತಿಯಲ್ಲಿ ಹೊರಳಿಸಿದೆ. ಅದು ಸಲೀಸಾಗಿ ಓಡಿದರೆ ಅವನ ಕತೆ ಮುಗಿದಂತೆ. ಹಿಡಿ ಜಗ್ಗಿ ಬಿಟ್ಟೆ. ನಡುವೆಯೇ ನಿಂತಿತು. ಆಮೇಲೆ ಹಳೆಯ ತುಂಡನ್ನು ಒರೆಸಿ, ತೆಳು ಎಣ್ಣೆಯನ್ನು ಬೆರಳಿಂದಷ್ಟೇ ಸವರಿ, ಅದೇ ಹತ್ತಿಯಲ್ಲಿ ಹೊರಳಿಸಿ ಹಾರಿಸಿದೆ. ಒಂದೂ ತಪ್ಪದೆ ಓಡಿತು.

ಸಾಹೇಬರು ಎರಡೂ ತುಂಡುಗಳನ್ನು ಕೈಗೆ ತೆಗೆದುಕೊಂಡು ನೋಡಿದರು. "ಹಾಗಾದರೆ ಲೇಪನದಿಂದ ಏನೂ ಉಪಯೋಗ ಇಲ್ಲ ಅಂತೀರಾ?"

"ಅದ ರೀ ಸರ್. ಗುಂಡಿನ ಮಸಿ ಬರೇ ಅರಿವೆಯಿಂದ ಒರೆಸಿದ್ರ ಹೋಗ್ತದ, ಹಳೇದನ್ನ ಕೆರೀಬೇಕಾಗ್ತದ. ತುಕ್ಕು ಲಗೂನ ಹಿಡಿಯಂಗಿಲ್ಲ. ದಿನಾ ಬಯಲಾಗ ಇರೋ ತುಕಡಿಗೆ ಕೊಡಿಸ್ರಿ. ಎಲ್ಲಾರಿಗೂ ಬ್ಯಾಡ. ಆ ರೊಕ್ಕದಾಗ ಸವೆದ ಸ್ಪ್ರಿಂಗ್, ಹಳೇ ಮ್ಯಾಗಜಿನ್ ಬದಲಿ ಮಾಡೋಣ. ಎಣ್ಣಿ ಆರ್ಡರ್ ಇವತ್ತೇ ಬದಲಿಸ್ರಿ."

"ಊರೆಲ್ಲ ಒಂದು ಹೇಳುತ್ತಿದೆ, ನೀವು ಒಂದು ಹೇಳುತ್ತೀರಿ."

"ಊರು ಬಾಗಿಲಾಗ ನಿಂತಿರಲಿಲ್ರಿ ಸರ್" ಎಂದುಬಿಟ್ಟೆ. ಹೇಳಿದ ಮೇಲೆ ಹೆಚ್ಚಾಯಿತೇನೋ ಅನ್ನಿಸಿತು.

ಅವರು ಕಾನ್‌ಸ್ಟೇಬಲ್‌ನನ್ನು ಹತ್ತಿರ ಕರೆದು, ಯಾವ ಎಣ್ಣೆ, ಎಷ್ಟು ಹಚ್ಚುತ್ತಿದ್ದೆ, ಯಾರು ಹೇಳಿದ್ದು ಎಂದು ಕೇಳಿದರು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಅವನ ಮೇಲಿನ ಕ್ರಮ ಅಲ್ಲಿಗೇ ನಿಂತಿತು. ಎಣ್ಣೆಯ ಆದೇಶ ಆ ವಾರದಲ್ಲೇ ಬದಲಾಯಿತು. ಲೇಪನದ ತುಂಡುಗಳು ಸುರಪುರದ ಗುಡ್ಡಗಳ ಕಡೆ ತಿರುಗುವ ತುಕಡಿಗೆ ಮಾತ್ರ ಹೋದವು. ನಮ್ಮಲ್ಲಿ ಕೆಲವರು ಇವತ್ತಿಗೂ ನಾನು ಬಂದ ಒಳ್ಳೆಯದನ್ನು ಕಾಲಿಂದ ಒದ್ದೆ ಎಂದೇ ಹೇಳುತ್ತಾರೆ.

ಆ ದಿನ ಬಯಲಿನಿಂದ ವಾಪಸು ಬರುವಾಗ ಕಾನ್‌ಸ್ಟೇಬಲ್ ಜೀಪು ಓಡಿಸುತ್ತಿದ್ದ. ಮುದನಾಳದ ಹತ್ತಿರ ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿದ.

"ಮೇಡಂ, ಚಿರತಿ ನನ್ನ ಕಡೆ ನೋಡಿದಾಗ ನನಗೇನೂ ಕೇಳಲಿಲ್ರಿ. ನೀವು ಕೂಗಿದ್ದೂ ಕೇಳಲಿಲ್ಲ" ಎಂದ.

ನನಗೂ ಆ ಗುಂಡಿನ ಸದ್ದು ಬಿಟ್ಟು ಬೇರೇನೂ ನೆನಪಿರಲಿಲ್ಲ. ಹಾಗೆಂದೆ. ಇಬ್ಬರೂ ಇಳಿದು ಚಹಾ ಕುಡಿದೆವು.