ಬಾಲದಿಂದ ಬರೆಯುವ ಯಂತ್ರ

ಯಂತ್ರಕ್ಕೆ ಓದು ಬರುವುದಿಲ್ಲ ಎಂದು ನನ್ನ ಮಾವನವರಿಗೆ ತಿಳಿಸಿ ಹೇಳುವುದಕ್ಕಿಂತ ಯಂತ್ರಕ್ಕೇ ಓದು ಕಲಿಸುವುದು ಸುಲಭ. ಎರಡನ್ನೂ ಪ್ರಯತ್ನಿಸಿ ಸುಸ್ತಾದವನ ಮಾತಿದು, ನಂಬಿ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಮಾಲೂರಿನಲ್ಲಿ ಸಣ್ಣದೊಂದು ಶೆಡ್ಡು ಹಾಕಿ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ ತಂದು ಕೂರಿಸಿದ್ದೆ. ಪರದೆಯ ಮೇಲೆ ಹೆಸರು ಬರೆದು, ಚಿತ್ರ ಜೋಡಿಸಿ ಕೊಟ್ಟರೆ ಸಾಕು, ಅದರ ಕಟ್ಟರು, ಅಂದರೆ ಕೊರೆಯುವ ಮೊನೆ, ಗಿರ್ರೆಂದು ತಿರುಗುತ್ತ ಹಲಗೆಯ ಮೇಲೆಲ್ಲ ಓಡಾಡಿ ಕೆತ್ತಿಬಿಡುತ್ತಿತ್ತು. ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮೂಗು ಮುರಿಯುತ್ತಿದ್ದವರು ಒಬ್ಬರೇ, ಮುಳಬಾಗಿಲಿನ ನನ್ನ ಮಾವನವರು. ದೇವರ ಪೀಠ ಕೆತ್ತಿಕೊಟ್ಟರೆ ‘ಬಳ್ಳಿ ಜಾಸ್ತಿಯಾಯ್ತು’ ಅಂದರು. ಬೀಗದ ಕೈ ನೇತುಹಾಕುವ ಹಲಗೆ ಕೊಟ್ಟರೆ ‘ಇದರ ಮೇಲೆ ಗಿಳಿ ಯಾಕೆ?’ ಅಂದರು. ಅಳಿಯನೆಂಬ ಮುಲಾಜೂ ಇಲ್ಲ.

ಅಂಥವರು ಹೊಸ ಮನೆ ಕಟ್ಟಿಸಿದಾಗ ಹೆಸರಿನ ಹಲಗೆಯನ್ನು ನನಗೇ ವಹಿಸಿದರು. ಹಳೆಯ ಬಾಗಿಲಿನಿಂದ ಬಿಡಿಸಿಟ್ಟ ತೇಗ, ಕೆಟ್ಟರೆ ಇನ್ನೊಂದಿಲ್ಲ. ಈ ಸಲವಾದರೂ ಅವರ ಬಾಯಿಂದ ಒಂದು ‘ಚೆನ್ನಾಗಿದೆ’ ಉದುರಿಸಿಕೊಳ್ಳಲೇಬೇಕೆಂದು ನಾನು ಹಟ ತೊಟ್ಟೆ. ಮೇಲೆ ಶ್ರೀ, ನಡುವೆ ಮನೆಯ ಹೆಸರು, ಕೆಳಗೆ ಅವರ ಹೆಸರು, ಸುತ್ತಲೂ ಮಾವಿನೆಲೆ, ಮೂಲೆಗೊಂದು ನವಿಲು. ಪರದೆಯ ಮೇಲೆ ನೋಡಿ ನನಗೆ ನಾನೇ ಭೇಷ್ ಅಂದುಕೊಂಡೆ.

ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ ಮಾವನವರೇ ಬಂದಿಳಿದರು. ಯಂತ್ರಕ್ಕೂ ಕಂಪ್ಯೂಟರಿಗೂ ಕುಂಕುಮವಿಟ್ಟರು. ಪರದೆಯ ನಡುವೆಯೇ ಇಟ್ಟರು. ಮರ ಮುಟ್ಟುವ ಮೊದಲು ಕಟ್ಟರು ಓಡಾಡುವ ದಾರಿಯನ್ನು ಪರದೆಯಲ್ಲಿ ತೋರಿಸಿ ಮೆಚ್ಚಿಸೋಣವೆಂದು ನಾನು ಗುಂಡಿ ಒತ್ತಿದೆ. ಕೆಂಪು ಗೆರೆ ಕೆಳಗಿನ ಮೂಲೆಯ ನವಿಲಿನ ಬಾಲದಿಂದ ಹೊರಟಿತು.

“ಏಮಂಡಿ ಅಳಿಯಂದಿರೇ, ಇದೇನು ಬಾಲದಿಂದ ಶುರು ಮಾಡ್ತಿದೆ? ಮೊದಲು ಶ್ರೀ ಅಲ್ವೇ?”

“ಕಟ್ಟರಿಗೆ ಹತ್ತಿರ ಇರೋದನ್ನ ಮೊದಲು ಕೆತ್ತತ್ತೆ ಮಾವ. ಕೊನೆಗೆ ಎಲ್ಲಾ ಒಂದೇ.”

“ಹೊಟ್ಟೆಗೆ ಹೋದ್ಮೇಲೂ ಎಲ್ಲಾ ಒಂದೇನೇ. ಹಾಗಂತ ಮಜ್ಜಿಗೆ ಅನ್ನ ಮೊದಲು ಬಡಿಸ್ತೀರಾ?”

ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲದ ಪರೀಕ್ಷೆಯಲ್ಲೂ ನಾನು ಹಾಳೆಯ ನೆತ್ತಿಗೆ ಶ್ರೀ ಬರೆದವನೇ. ನಮ್ಮ ಸೀಮೆಯ ಹೊಲಗಳಲ್ಲಿ ನಿಂತಿರುವ ಶಾಸನಗಳನ್ನೇ ನೋಡಿ: ಸ್ವಸ್ತಿಶ್ರೀ ಎಂದು ಶುರುವಾಗಿ, ದಾನವನ್ನು ಕಿತ್ತುಕೊಂಡವನಿಗೆ ಶಾಪ ಹಾಕಿ ಮುಗಿಯುತ್ತವೆ. ಉಳಿಗೆ ಹತ್ತಿರವಾಯಿತೆಂದು ಯಾವ ಕಲ್ಲುಕುಟಿಗನಾದರೂ ಮೊದಲು ಶಾಪ ಕೆತ್ತಿದ್ದುಂಟೇ? ಆದರೆ ಕಲ್ಲುಕುಟಿಗನಿಗೆ ಕಟ್ಟರು ಬದಲಿಸುವ ಪೀಡೆ ಇರಲಿಲ್ಲ. ಯಂತ್ರ ದಪ್ಪ ಕಟ್ಟರಿನಿಂದ ಇಡೀ ಹಲಗೆಯನ್ನು ಒರಟಾಗಿ ಕೆತ್ತಿ, ಆಮೇಲೆ ಸಣ್ಣದರಿಂದ ನಯ ಮಾಡುತ್ತದೆ. ಶ್ರೀ ಒಂದನ್ನೇ ಮೊದಲು ಮುಗಿಸಬೇಕೆಂದರೆ ಅದನ್ನು ಬೇರೆ ಮಾಡಿ, ಕಟ್ಟರು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ, ಪ್ರತಿ ಸಲವೂ ಎತ್ತರ ಹೊಂದಿಸಿ ಸಾಯಬೇಕು.

ಕಾಫಿ ತಂದ ಹೆಂಡತಿ ನನ್ನ ಮುಖ ನೋಡಿದಳು. “ರೀ, ಅಪ್ಪ ಹೇಳಿದ ಹಾಗೆ ಮಾಡಿಬಿಡಿ. ಇನ್ನೇನು ರಾಹುಕಾಲ ಬರತ್ತೆ” ಅಂದಳು. ತವರು ಎದುರಿಗಿದ್ದಾಗ ಹೆಂಡತಿಯ ಸಲಹೆ ತೀರ್ಪೇ ಆಗಿರುತ್ತದೆ.

ಬಿಚ್ಚಿದೆ, ಹಾಕಿದೆ. ಹಲ್ಲು ಕಡಿಯುತ್ತ ಶ್ರೀ ಕೆತ್ತಿಸಿದೆ. ಅದು ನಯವಾಗಿ ಮುಗಿದು ಕಟ್ಟರು ಮೇಲೆದ್ದಿತು, ಕರೆಂಟು ಹೋಯಿತು. ಮಧ್ಯಾಹ್ನ ಬಂತು, ಎರಡು ನಿಮಿಷವಿದ್ದು ಮತ್ತೆ ಹೋಯಿತು. ಕರೆಂಟು ಹೋದಾಗಲೆಲ್ಲ ಯಂತ್ರ ತಾನೆಲ್ಲಿದ್ದೆನೆಂಬುದನ್ನೇ ಮರೆಯುತ್ತದೆ. ನಾನು ಮೊದಲಿನಿಂದ ಗುರುತು ಹಿಡಿದು ಹೇಳಿಕೊಡಬೇಕು. ಸಂಜೆಯ ಹೊತ್ತಿಗೆ ನನಗೆ ಅಳುವೊಂದು ಬಾಕಿ. ಮಾವನವರು ಹಲಗೆಯನ್ನು ಪಂಚೆಯಲ್ಲಿ ಸುತ್ತಿ, “ಬಸ್ಸಿಗೆ ಹೊತ್ತಾಯ್ತು. ಶ್ರೀ ಆಯ್ತಲ್ಲ, ಸಾಕು” ಎಂದು ಹೊರಟೇಬಿಟ್ಟರು.

ಮರುದಿನ ಬಾಗಿಲ ಮೇಲೆ ಆ ಹಲಗೆಯೇ ಏರಿತು. ನೆತ್ತಿಯಲ್ಲೊಂದು ಶ್ರೀ, ಕೆಳಗೆಲ್ಲ ಬೋಳು. ಬಂದ ನೆಂಟರೆಲ್ಲ ಕತ್ತೆತ್ತಿ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಊಟದ ಪಂಕ್ತಿಯಲ್ಲಿ ನಾನು ಬಾಗಿಲಿಗೆ ಬೆನ್ನು ಹಾಕಿ ಕೂತೆ.

ತಿಂಗಳು ತುಂಬುವುದರೊಳಗೆ ಹಲಗೆ ಇಳಿಸಿ ತಂದು ಮುಗಿಸಿಬಿಡೋಣವೆಂದು ಮುಳಬಾಗಿಲಿಗೆ ಹೋದೆ. ನಾನು ಸ್ಟೂಲು ಹತ್ತಿದ್ದೇ ತಡ, ಮಾವನವರು ಒಳಗಿನಿಂದ ಓಡಿ ಬಂದು ಸ್ಟೂಲಿನ ಕಾಲು ಹಿಡಿದುಕೊಂಡರು.

“ಮುಟ್ಟಬೇಡಿ ಅಳಿಯಂದಿರೇ! ಎಷ್ಟು ಚೆನ್ನಾಗಿದೆ. ಆ ತೇಗದ ಎಳೆ ನೋಡಿ, ಹೆಂಗೆ ಕಾಣ್ತಿದೆ! ನೀವು ಇಷ್ಟು ವರ್ಷ ಮಾಡಿದ್ರಲ್ಲಿ ಕೆಡದೆ ಉಳಿದಿರೋದು ಇದೊಂದೇ.”

ಬೇಕಿದ್ದ ಮಾತು ಬಂದೇಬಿಟ್ಟಿತು. ಬಂದದ್ದು ನಾನು ಕೆತ್ತದೆ ಬಿಟ್ಟ ಜಾಗಕ್ಕೆ. ಸ್ಟೂಲಿನ ಮೇಲೆ ನಿಂತೇ ಆ ಬೋಳು ಮರವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಹಾಳಾದ್ದು, ಚೆನ್ನಾಗಿಯೇ ಇತ್ತು.